ಸಿಂಗಲ್ ಸೈಕಲ್ ಪ್ರೊಸೆಸರ್: ಕಟ್ಟುವ ಕ್ರಮ, ದೋಷ ಹುಡುಕುವ ಕ್ರಮ

ಕಂಪ್ಯೂಟರ್ ಆರ್ಗನೈಸೇಷನ್ ಕೋರ್ಸಿನಲ್ಲಿ ಸ್ವಂತವಾಗಿ ಒಂದು ಸಿಂಗಲ್ ಸೈಕಲ್ ಪ್ರೊಸೆಸರ್ (ಪ್ರತಿ ಇನ್‌ಸ್ಟ್ರಕ್ಷನ್ ಅನ್ನು, ಅಂದರೆ ಆದೇಶವನ್ನು, ಕ್ಲಾಕ್‌ನ ಒಂದೇ ಬಡಿತದಲ್ಲಿ ಮುಗಿಸುವ ಪ್ರೊಸೆಸರ್) ಕಟ್ಟುವ ಪ್ರಾಜೆಕ್ಟ್ ಬಂದಾಗ, ಚಿತ್ರ ನೋಡಿಕೊಂಡು ವೈರ್ ಎಳೆಯುವ ಕೆಲಸ ಬೇಗ ಮುಗಿಯುತ್ತದೆ. ಎಳೆದದ್ದು ಯಾಕೆ ತಪ್ಪು ಉತ್ತರ ಕೊಡುತ್ತಿದೆ ಎಂದು ಹುಡುಕುವುದರಲ್ಲೇ ದಿನಗಳು ಕಳೆಯುತ್ತವೆ. ಸರ್ಕ್ಯೂಟಿನಲ್ಲಿ ತಪ್ಪು ಕಾಣಿಸಿಕೊಳ್ಳುವ ಜಾಗ ಒಂದು, ತಪ್ಪು ಇರುವ ಜಾಗ ಇನ್ನೊಂದು ಆಗಿರುವುದೇ ಇದಕ್ಕೆ ಕಾರಣ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕಟ್ಟುವುದನ್ನೂ ಪರೀಕ್ಷಿಸುವುದನ್ನೂ ಬೇರೆ ಬೇರೆ ಹಂತಗಳಾಗಿ ಇಟ್ಟಿಲ್ಲ. ಕ್ಲಾಕ್ ಮುಂದೆ ಹೋಗುವ ಮೊದಲೇ ಯಾವ ವೈರಿನಲ್ಲಿ ಯಾವ ಮೌಲ್ಯ ಬರಬೇಕೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಉಳಿದ ಎಲ್ಲ ಸಲಹೆಗಳಿಗೂ ಇದೇ ಬುನಾದಿ.

ಇಲ್ಲಿ ಬಳಸುವ ಸಾಧನ ಲಾಜಿಸಿಮ್, ಪರದೆಯ ಮೇಲೆ ಸರ್ಕ್ಯೂಟ್ ಬರೆದು ನಡೆಸಿ ನೋಡುವ ತಂತ್ರಾಂಶ. ಕಾರ್ಲ್ ಬರ್ಚ್ ಬರೆದ ಈ ಉಚಿತ ತಂತ್ರಾಂಶದ ಮೂಲ ಆವೃತ್ತಿಯ ಬೆಳವಣಿಗೆ ನಿಂತಿದ್ದರೂ, ಲಾಜಿಸಿಮ್ ಎವಲ್ಯೂಷನ್ ಎಂಬ ಮುಂದುವರಿದ ರೂಪ ಈಗಲೂ ಲಭ್ಯವಿದೆ. ಇನ್‌ಸ್ಟ್ರಕ್ಷನ್‌ಗಳಿಗೆ ರಿಸ್ಕ್-ಫೈವ್ ಎಂಬ ಇನ್‌ಸ್ಟ್ರಕ್ಷನ್ ಪಟ್ಟಿಯನ್ನು ಆರಿಸಿಕೊಂಡಿದ್ದೇನೆ. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ವಿನ್ಯಾಸದ 32 ಬಿಟ್‌ನ ಮೂಲ ರೂಪದಲ್ಲಿ ಎಲ್ಲ ಇನ್‌ಸ್ಟ್ರಕ್ಷನ್‌ಗಳೂ ಒಂದೇ ಅಗಲದವು, ಮತ್ತು ರಿಜಿಸ್ಟರ್‌ಗಳ (ಪ್ರೊಸೆಸರಿನೊಳಗೆ ಮೌಲ್ಯ ಹಿಡಿದಿಡುವ ಜಾಗಗಳ) ಸಂಖ್ಯೆಗಳು ಬೇಕಾದಾಗಲೆಲ್ಲ ಅದೇ ಬಿಟ್‌ಗಳಲ್ಲಿ ಸಿಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಡ. ಅದರಲ್ಲೂ ಪೂರ್ತಿ ಪಟ್ಟಿಯನ್ನು ಮುಟ್ಟದೆ ಆ್ಯಡ್, ಸಬ್, ಆ್ಯಂಡ್, ಆರ್ ಎಂಬ ನಾಲ್ಕು ರಿಜಿಸ್ಟರ್ ಲೆಕ್ಕಗಳು, ಸ್ಥಿರ ಸಂಖ್ಯೆಯನ್ನು ಕೂಡಿಸುವ ಆ್ಯಡ್-ಐ, ಮೆಮೊರಿಯಿಂದ ಓದುವ ಎಲ್‌ಡಬ್ಲ್ಯು, ಮೆಮೊರಿಗೆ ಬರೆಯುವ ಎಸ್‌ಡಬ್ಲ್ಯು, ಎರಡು ರಿಜಿಸ್ಟರ್ ಸಮವಿದ್ದರೆ ಜಿಗಿಯುವ ಬಿಇಕ್ಯು, ಇಷ್ಟನ್ನೇ ಇಟ್ಟುಕೊಂಡರೆ ಸಾಕು.

ಪರೀಕ್ಷೆಯ ಪ್ರೋಗ್ರಾಂ ಮೊದಲು

ಒಂದು ಗೇಟ್ ಕೂಡ ಇಡುವ ಮುನ್ನ ಪರೀಕ್ಷೆಯ ಪ್ರೋಗ್ರಾಂ ಸಿದ್ಧವಿರಲಿ. ಕೆಳಗಿನ ಒಂಬತ್ತು ಸಾಲುಗಳನ್ನು ರಾಮ್ ಅಲ್ಲ, ರೋಮ್ (ಓದಲು ಮಾತ್ರ ಬರುವ ಮೆಮೊರಿ) ಘಟಕದಲ್ಲಿ ಹೆಕ್ಸ್ (16ರ ಆಧಾರದ) ಸಂಖ್ಯೆಗಳಾಗಿ ತುಂಬಬೇಕು. ಮೊದಲ ಅಂಕಿ ವಿಳಾಸ, ಎರಡನೆಯದು ಇನ್‌ಸ್ಟ್ರಕ್ಷನ್, ಕೊನೆಯದು ಅದರ ಅರ್ಥ. ಎಕ್ಸ್0, ಎಕ್ಸ್1 ಮುಂತಾದವು ರಿಜಿಸ್ಟರ್‌ಗಳ ಹೆಸರುಗಳು; ಎಕ್ಸ್0 ಯಾವಾಗಲೂ ಸೊನ್ನೆ.

0: 00500093: ಎಕ್ಸ್1 = ಎಕ್ಸ್0 + 5
4: 00700113: ಎಕ್ಸ್2 = ಎಕ್ಸ್0 + 7
8: 00208233: ಎಕ್ಸ್4 = ಎಕ್ಸ್1 + ಎಕ್ಸ್2
12: 40208333: ಎಕ್ಸ್6 = ಎಕ್ಸ್1 − ಎಕ್ಸ್2
16: 00402023: ಎಕ್ಸ್4 ಅನ್ನು ಮೆಮೊರಿಯ 0ನೇ ವಿಳಾಸಕ್ಕೆ ಬರೆ
20: 00002403: ಮೆಮೊರಿಯ 0ನೇ ವಿಳಾಸದಿಂದ ಎಕ್ಸ್8ಕ್ಕೆ ಓದು
24: 00820463: ಎಕ್ಸ್4, ಎಕ್ಸ್8 ಸಮವಿದ್ದರೆ 8 ಬೈಟ್ ಮುಂದಕ್ಕೆ ಜಿಗಿ
28: 00100513: ಎಕ್ಸ್10 = ಎಕ್ಸ್0 + 1
32: 00000063: ಇದ್ದಲ್ಲೇ ಸುತ್ತುತ್ತಿರು

ಎಲ್ಲವೂ ಸರಿಯಿದ್ದರೆ ಕೊನೆಯಲ್ಲಿ ಎಕ್ಸ್1ರಲ್ಲಿ 5, ಎಕ್ಸ್2ರಲ್ಲಿ 7, ಎಕ್ಸ್4 ಮತ್ತು ಎಕ್ಸ್8ರಲ್ಲಿ 12, ಎಕ್ಸ್6ರಲ್ಲಿ −2 ಇರಬೇಕು. ಎಕ್ಸ್10 ಸೊನ್ನೆಯಾಗಿಯೇ ಉಳಿದಿರಬೇಕು, ಪ್ರೋಗ್ರಾಂ ಕೌಂಟರ್ (ಪಿಸಿ, ಈಗ ನಡೆಯುತ್ತಿರುವ ಇನ್‌ಸ್ಟ್ರಕ್ಷನ್‌ನ ವಿಳಾಸ) 32ರಲ್ಲಿ ನಿಂತಿರಬೇಕು. ಹೆಕ್ಸ್‌ನಲ್ಲಿ ನೋಡುವಾಗ −2 ಎಂಬುದು ಏಳು ಎಫ್‌ಗಳ ನಂತರ ಒಂದು ಇ ಆಗಿ ಕಾಣುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಇಷ್ಟಕ್ಕೇ ನಿಲ್ಲಿಸದೆ ಪ್ರತಿ ಸೈಕಲ್‌ಗೆ ಒಂದು ಸಾಲಿನಂತೆ ಒಂದು ಕೋಷ್ಟಕ ಮಾಡಿಕೊಳ್ಳಬೇಕು. ಆ ಸೈಕಲ್‌ನ ಪಿಸಿ, ಎಎಲ್‌ಯುಗೆ (ಲೆಕ್ಕ ಮಾಡುವ ಘಟಕಕ್ಕೆ) ಹೋಗುವ ಎರಡು ಸಂಖ್ಯೆಗಳು, ಅದರ ಉತ್ತರ, ಯಾವ ರಿಜಿಸ್ಟರಿಗೆ ಏನು ಬರೆಯಬೇಕು, ಮುಂದಿನ ಪಿಸಿ ಎಷ್ಟು, ಇಷ್ಟು ಕಲಂಗಳು ಅದರಲ್ಲಿರಲಿ. ಬೇಸರದ ಕೆಲಸವೆನಿಸಿದರೂ ಇದನ್ನು ಬಿಡಬೇಡಿ. ಮುಂದೆ ದೋಷ ಹುಡುಕುವಾಗ ಕೈಹಿಡಿಯುವುದು ಈ ಕಾಗದವೇ.

ಎಎಲ್‌ಯು ಮತ್ತು ರಿಜಿಸ್ಟರ್ ಫೈಲ್

ಎರಡನ್ನೂ ಪ್ರತ್ಯೇಕ ಸಬ್‌ಸರ್ಕ್ಯೂಟ್‌ಗಳಾಗಿ ಕಟ್ಟಿ, ಮುಖ್ಯ ಸರ್ಕ್ಯೂಟಿಗೆ ತರುವ ಮೊದಲೇ ಪರೀಕ್ಷಿಸಿ. ಎಎಲ್‌ಯು ಸರಳವಾದದ್ದು. ಆ್ಯಡರ್, ಸಬ್‌ಟ್ರ್ಯಾಕ್ಟರ್, ಆ್ಯಂಡ್, ಆರ್ ನಾಲ್ಕೂ ಒಟ್ಟಿಗೆ ಕೆಲಸ ಮಾಡುತ್ತವೆ. ಬೇಕಾದ ಉತ್ತರವನ್ನು ಮಲ್ಟಿಪ್ಲೆಕ್ಸರ್ ಆರಿಸುತ್ತದೆ. ಉತ್ತರದ 32 ಬಿಟ್‌ಗಳೂ ಸೊನ್ನೆಯೇ ಎಂದು ತಿಳಿಸುವ ಒಂದು ಔಟ್‌ಪುಟ್ ಜಿಗಿತಕ್ಕೆ ಬೇಕಾಗುತ್ತದೆ. ಪರೀಕ್ಷೆಗೆ 12 ಮತ್ತು 10 ಒಳ್ಳೆಯ ಜೋಡಿ: ಆ್ಯಂಡ್ 8, ಆರ್ 14, ಆ್ಯಡ್ 22, ಸಬ್ 2. ನಾಲ್ಕೂ ಉತ್ತರ ಬೇರೆ ಬೇರೆ ಆಗಿರುವುದರಿಂದ ಮಲ್ಟಿಪ್ಲೆಕ್ಸರಿನ ಆಯ್ಕೆ ಅದಲುಬದಲಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಬಳಿಕ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ ಕಳೆದು, −2 ಬರುತ್ತದೆಯೇ ನೋಡಿ.

ರಿಜಿಸ್ಟರ್ ಫೈಲ್, ಅಂದರೆ ಎಲ್ಲ ರಿಜಿಸ್ಟರ್‌ಗಳ ಗುಂಪು, ಹೆಚ್ಚು ಎಚ್ಚರ ಬೇಡುತ್ತದೆ. 32 ಬಿಟ್‌ನ ರಿಜಿಸ್ಟರ್‌ಗಳು, ಓದಲು 32 ಇನ್‌ಪುಟ್‌ನ ಎರಡು ಮಲ್ಟಿಪ್ಲೆಕ್ಸರ್, ಬರೆಯಬೇಕಾದ ರಿಜಿಸ್ಟರನ್ನು ಆರಿಸಲು 5 ಬಿಟ್‌ನ ಡಿಕೋಡರ್, ಇವಿಷ್ಟು ಅದರ ಅಂಗಗಳು. ಎಕ್ಸ್0 ಯಾವಾಗಲೂ ಸೊನ್ನೆ ಆಗಿರಬೇಕಾದ್ದರಿಂದ ಅಲ್ಲಿ ರಿಜಿಸ್ಟರನ್ನೇ ಇಡಬೇಡಿ. ಎರಡೂ ಮಲ್ಟಿಪ್ಲೆಕ್ಸರಿನ ಮೊದಲ ಇನ್‌ಪುಟ್‌ಗೆ 0 ಎಂಬ ಕಾನ್‌ಸ್ಟಂಟ್ ಜೋಡಿಸಿದರೆ ಯಾರೂ ಅದನ್ನು ಕೆಡಿಸಲಾರರು. ಬರೆಯುವುದನ್ನು ತಡೆಯಲು ಕ್ಲಾಕ್ ವೈರಿನ ಮೇಲೆ ಆ್ಯಂಡ್ ಗೇಟ್ ಇಡುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ಕ್ಲಾಕ್ ಎಲ್ಲ ರಿಜಿಸ್ಟರ್‌ಗಳಿಗೂ ನೇರವಾಗಿ ಹೋಗಲಿ, ತಡೆಯುವ ಕೆಲಸವನ್ನು ಎನೇಬಲ್ ಪಿನ್ ಮಾಡಲಿ. ಗೇಟ್ ದಾಟಿ ಬರುವ ಕ್ಲಾಕ್‌ನಲ್ಲಿ ಕಂಟ್ರೋಲ್ ಸಿಗ್ನಲ್ ಬದಲಾಗುವ ಹೊತ್ತಿಗೆ ಬೇಡದ ಅಂಚು ಹುಟ್ಟಿಕೊಂಡು ರಿಜಿಸ್ಟರ್ ಅಕಾಲದಲ್ಲಿ ಬರೆಸಿಕೊಳ್ಳಬಹುದು.

ಎನೇಬಲ್ ಪಿನ್ನಿನ ವಿಷಯದಲ್ಲಿ ಲಾಜಿಸಿಮ್‌ನ ಒಂದು ನಡವಳಿಕೆ ಗೊತ್ತಿರಬೇಕು. ರಿಜಿಸ್ಟರಿನ ಎನೇಬಲ್ ಪಿನ್‌ಗೆ ಏನೂ ಬರದಿದ್ದರೆ ಅದು ಬರೆಯಲು ಅನುಮತಿ ಇದೆ ಎಂದೇ ಎಣಿಸುತ್ತದೆ. ಡಿಕೋಡರನ್ನು ನಿಷ್ಕ್ರಿಯಗೊಳಿಸಿದಾಗ ಅದರ ಔಟ್‌ಪುಟ್ ಸೊನ್ನೆಯಾಗಬೇಕೋ ಖಾಲಿಯಾಗಿ ತೇಲಬೇಕೋ ಎಂಬುದು ಡಿಕೋಡರಿನ ಗುಣಲಕ್ಷಣಗಳಲ್ಲಿರುವ ಒಂದು ಆಯ್ಕೆ. ಅದು ತೇಲುವ ಸ್ಥಿತಿಯಲ್ಲಿದ್ದರೆ, ಯಾವ ರಿಜಿಸ್ಟರಿಗೂ ಬರೆಯಬಾರದ ಸೈಕಲ್‌ನಲ್ಲಿ ಎಲ್ಲ ರಿಜಿಸ್ಟರ್‌ಗಳೂ ಒಟ್ಟಿಗೆ ಬರೆಸಿಕೊಳ್ಳುತ್ತವೆ. ಆ ಆಯ್ಕೆಯನ್ನು ಸೊನ್ನೆಗೆ ಇಡಿ.

ಫೆಚ್

ಫೆಚ್ ಎಂದರೆ ನಡೆಸಬೇಕಾದ ಇನ್‌ಸ್ಟ್ರಕ್ಷನ್ ಅನ್ನು ಮೆಮೊರಿಯಿಂದ ತರುವುದು. ಪಿಸಿ ಒಂದು 32 ಬಿಟ್‌ನ ರಿಜಿಸ್ಟರ್. ಅದರ ಔಟ್‌ಪುಟ್‌ಗೆ 4 ಕೂಡಿಸಿ ಮತ್ತೆ ಅದರ ಇನ್‌ಪುಟ್‌ಗೇ ಕೊಟ್ಟು, ಕ್ಲಾಕನ್ನು ಕೈಯಿಂದ ಒಂದೊಂದೇ ಹೆಜ್ಜೆ ಮುಂದಿಡುತ್ತ 0, 4, 8, 12 ಎಂದು ಏರುವುದನ್ನು ಕಣ್ಣಾರೆ ನೋಡಿ. ಲಾಜಿಸಿಮ್‌ನಲ್ಲಿ ಕಂಟ್ರೋಲ್-ಟಿ ಒತ್ತಿದರೆ ಅರ್ಧ ಸೈಕಲ್ ಮಾತ್ರ ಸಾಗುತ್ತದೆ. ಎರಡು ಸಲ ಒತ್ತಿದರೆ ಒಂದು ಪೂರ್ತಿ ಸೈಕಲ್. ಕಂಟ್ರೋಲ್-ಆರ್ ಎಲ್ಲವನ್ನೂ ಮೊದಲ ಸ್ಥಿತಿಗೆ ತರುತ್ತದೆ.

ಈಗ ಪಿಸಿಯನ್ನು ರೋಮ್‌ಗೆ ಜೋಡಿಸಬೇಕು. ಪಿಸಿ ಬೈಟ್‌ಗಳನ್ನು ಎಣಿಸುತ್ತದೆ, ರೋಮ್ 32 ಬಿಟ್‌ನ ಪದಗಳನ್ನು ಎಣಿಸುತ್ತದೆ. ಆದ್ದರಿಂದ ಪಿಸಿಯ ಕೆಳಗಿನ ಎರಡು ಬಿಟ್ ಬಿಟ್ಟು, 2ನೇ ಬಿಟ್‌ನಿಂದ ಮೇಲಿನವನ್ನು ರೋಮ್‌ನ ವಿಳಾಸಕ್ಕೆ ಕೊಡಬೇಕು. 8 ಬಿಟ್ ವಿಳಾಸದ ರೋಮ್ ಆದರೆ ಪಿಸಿಯ 2ರಿಂದ 9ರವರೆಗಿನ ಬಿಟ್‌ಗಳು. ಇದನ್ನು ಮರೆತು ಕೆಳಗಿನ ಎಂಟು ಬಿಟ್‌ಗಳನ್ನೇ ಕೊಟ್ಟರೆ ಪಿಸಿ 4 ಆದಾಗ ರೋಮ್‌ನ 4ನೇ ಪದ, 8 ಆದಾಗ 8ನೇ ಪದ ಬರುತ್ತದೆ. ನಮ್ಮ ಪ್ರೋಗ್ರಾಂನಲ್ಲಿ ಎಕ್ಸ್1ಕ್ಕೆ 5 ಬರೆದ ಮರುಕ್ಷಣ ಮೆಮೊರಿಗೆ ಬರೆಯುವ ಸಾಲು, ಅದರ ಮುಂದೆ ನೇರವಾಗಿ ಕೊನೆಯ ಸಾಲು ನಡೆದು ಎಲ್ಲವೂ ನಿಂತುಬಿಡುತ್ತದೆ. ಎಕ್ಸ್2 ಖಾಲಿ ಇರುವುದನ್ನು ಕಂಡು ರಿಜಿಸ್ಟರ್ ಫೈಲನ್ನು ಬಿಚ್ಚಿ ಕೂತವರಿಗೆ ಅಲ್ಲಿ ಏನೂ ಸಿಗುವುದಿಲ್ಲ.

ಡಿಕೋಡ್ ಮತ್ತು ಇಮ್ಮಿಡಿಯೇಟ್

ರೋಮ್‌ನಿಂದ ಬಂದ 32 ಬಿಟ್‌ಗಳನ್ನು ಸ್ಪ್ಲಿಟರಿನಿಂದ ಬೇರ್ಪಡಿಸಿ, ಪ್ರತಿ ಭಾಗಕ್ಕೂ ಹೆಸರಿರುವ ಟನಲ್ (ಒಂದೇ ಹೆಸರಿನ ತುದಿಗಳನ್ನು ವೈರಿಲ್ಲದೆ ಸೇರಿಸುವ ಘಟಕ) ಜೋಡಿಸಿ. 0ರಿಂದ 6 ಒಪ್‌ಕೋಡ್ (ಇನ್‌ಸ್ಟ್ರಕ್ಷನ್‌ನ ಬಗೆ ಹೇಳುವ ಭಾಗ), 7ರಿಂದ 11 ಬರೆಯಬೇಕಾದ ರಿಜಿಸ್ಟರ್, 12ರಿಂದ 14 ಫಂಕ್ಟ್3, 15ರಿಂದ 19 ಮೊದಲ ಮೂಲ, 20ರಿಂದ 24 ಎರಡನೇ ಮೂಲ, 25ರಿಂದ 31 ಫಂಕ್ಟ್7. ಅದೇ ಬಗೆಯೊಳಗೆ ಯಾವ ಲೆಕ್ಕ ಎಂದು ಹೇಳುವುದು ಈ ಎರಡು ಫಂಕ್ಟ್‌ಗಳು. ಇದನ್ನು ಪರೀಕ್ಷಿಸಲು ರೋಮ್ ಬೇಡ. ಸ್ಪ್ಲಿಟರಿಗೆ 00208233 ಎಂಬ ಕಾನ್‌ಸ್ಟಂಟನ್ನೇ ಕೊಡಿ. ಎಡದಿಂದ ಬಿಡಿಸಿದರೆ 0000000 00010 00001 000 00100 0110011 ಎಂದಾಗುತ್ತದೆ. ಅಂದರೆ ಎರಡನೇ ಮೂಲ 2, ಮೊದಲ ಮೂಲ 1, ಗುರಿ 4. ಪ್ರೋಬ್‌ಗಳಲ್ಲಿ (ವೈರಿನ ಮೌಲ್ಯ ತೋರಿಸುವ ಘಟಕಗಳಲ್ಲಿ) ಈ ಸಂಖ್ಯೆಗಳು ಕಾಣದೆ ಮುಂದಿನ ಹೆಜ್ಜೆ ಇಡಬೇಡಿ, ಏಕೆಂದರೆ ಸ್ಪ್ಲಿಟರಿನಲ್ಲಿ ಒಂದೇ ಒಂದು ಬಿಟ್ ಪಕ್ಕದ ಗುಂಪಿಗೆ ಸೇರಿದ್ದರೂ ಆ ತಪ್ಪು ಇಡೀ ಪ್ರೊಸೆಸರಿನಲ್ಲಿ ಹತ್ತು ಕಡೆ ಹತ್ತು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಇಮ್ಮಿಡಿಯೇಟ್ ಎಂಬ ಸ್ಥಿರ ಸಂಖ್ಯೆ ಮೂರು ಬಗೆಯಲ್ಲಿ ಅಡಗಿರುತ್ತದೆ. ಆ್ಯಡ್-ಐ ಮತ್ತು ಎಲ್‌ಡಬ್ಲ್ಯುಗಳಲ್ಲಿ ಅದು 20ರಿಂದ 31ರವರೆಗೆ ಒಟ್ಟಿಗಿದೆ. ಎಸ್‌ಡಬ್ಲ್ಯುನಲ್ಲಿ ಮೇಲಿನ ಏಳು ಬಿಟ್ 25ರಿಂದ 31ರಲ್ಲಿ, ಕೆಳಗಿನ ಐದು 7ರಿಂದ 11ರಲ್ಲಿ. ಬಿಇಕ್ಯುವಿನಲ್ಲಿ ಸಂಖ್ಯೆ 13 ಬಿಟ್‌ನದು: ಅದರ 0ನೇ ಬಿಟ್ ಯಾವಾಗಲೂ ಸೊನ್ನೆ, 1ರಿಂದ 4ನೇ ಬಿಟ್‌ಗಳು ಇನ್‌ಸ್ಟ್ರಕ್ಷನ್‌ನ 8ರಿಂದ 11ರಲ್ಲಿ, 5ರಿಂದ 10ನೇ ಬಿಟ್‌ಗಳು 25ರಿಂದ 30ರಲ್ಲಿ, 11ನೇ ಬಿಟ್ ಒಂಟಿಯಾಗಿ 7ರಲ್ಲಿ, 12ನೇ ಬಿಟ್ 31ರಲ್ಲಿ. ಮೂರನ್ನೂ ಬಿಟ್ ಎಕ್ಸ್‌ಟೆಂಡರ್ ಮೂಲಕ 32 ಬಿಟ್‌ಗೆ ಹಿಗ್ಗಿಸಬೇಕು. ಹಿಗ್ಗಿಸುವ ಬಗೆ ಸೈನ್ (ಅತಿ ಮೇಲಿನ ಬಿಟ್ ಅನ್ನೇ ಹೊಸ ಜಾಗಗಳಿಗೆಲ್ಲ ತುಂಬುವುದು) ಆಗಿರಬೇಕು, ಸೊನ್ನೆ ತುಂಬುವುದಲ್ಲ. ಸೊನ್ನೆ ತುಂಬಿದರೆ −3 ಎಂಬುದು 4093 ಆಗಿಬಿಡುತ್ತದೆ.

ಕಂಟ್ರೋಲ್ ಮತ್ತು ಮೆಮೊರಿ

ಮೊದಲು ಆ್ಯಡ್-ಐ ಒಂದಕ್ಕೇ ಬೇಕಾದ ದಾರಿಯನ್ನು ಜೋಡಿಸಿ, ಪ್ರೋಗ್ರಾಂನ ಮೊದಲ ಎರಡು ಸಾಲು ನಡೆಸಿ. ನಂತರ ಆ್ಯಡ್ ಮತ್ತು ಸಬ್, ಆಮೇಲೆ ಮೆಮೊರಿಯ ಎರಡು, ಕೊನೆಗೆ ಬಿಇಕ್ಯು. ಹೊಸ ಬಗೆ ಸೇರಿಸಿದಾಗಲೆಲ್ಲ ಒಂದು ಮಲ್ಟಿಪ್ಲೆಕ್ಸರ್ ಮತ್ತು ಅದನ್ನು ಆಡಿಸುವ ಒಂದು ಕಂಟ್ರೋಲ್ ಸಿಗ್ನಲ್ ಹುಟ್ಟುತ್ತದೆ. ಯಾವ ಸಿಗ್ನಲ್ ಯಾಕೆ ಇದೆ ಎಂಬುದು ಹೀಗೆ ಕಟ್ಟಿದರೆ ತಾನಾಗಿ ಅರ್ಥವಾಗುತ್ತದೆ.

ಐದು ಒಪ್‌ಕೋಡ್‌ಗಳು ಹೀಗಿವೆ: ರಿಜಿಸ್ಟರ್ ಲೆಕ್ಕಗಳಿಗೆ 0110011, ಆ್ಯಡ್-ಐಗೆ 0010011, ಎಲ್‌ಡಬ್ಲ್ಯುಗೆ 0000011, ಎಸ್‌ಡಬ್ಲ್ಯುಗೆ 0100011, ಬಿಇಕ್ಯುಗೆ 1100011. ರಿಜಿಸ್ಟರಿಗೆ ಬರೆಯುವ ಅನುಮತಿ ಮೊದಲ ಮೂರಕ್ಕೆ ಮಾತ್ರ. ಎಎಲ್‌ಯುವಿನ ಎರಡನೇ ಇನ್‌ಪುಟ್ ಆಗಿ ಇಮ್ಮಿಡಿಯೇಟ್ ಹೋಗುವುದು ಆ್ಯಡ್-ಐ, ಎಲ್‌ಡಬ್ಲ್ಯು, ಎಸ್‌ಡಬ್ಲ್ಯುಗಳಿಗೆ. ಮೆಮೊರಿಗೆ ಬರೆಯುವುದು ಎಸ್‌ಡಬ್ಲ್ಯು ಒಂದೇ, ಮೆಮೊರಿಯಿಂದ ರಿಜಿಸ್ಟರಿಗೆ ತರುವುದು ಎಲ್‌ಡಬ್ಲ್ಯು ಒಂದೇ. ಬಿಇಕ್ಯುವಿನಲ್ಲಿ ಎಎಲ್‌ಯು ಕಳೆಯುತ್ತದೆ, ಉತ್ತರ ಸೊನ್ನೆಯಾದರೆ ಪಿಸಿಗೆ ಜಿಗಿತದ ವಿಳಾಸ ಹೋಗುತ್ತದೆ. ಆ ವಿಳಾಸವನ್ನು ಬಿಇಕ್ಯು ಇರುವ ಪಿಸಿಗೇ ಇಮ್ಮಿಡಿಯೇಟ್ ಕೂಡಿಸಿ ಪಡೆಯಬೇಕು. ಪಿಸಿ + 4ಕ್ಕಲ್ಲ.

ಆ್ಯಡ್ ಮತ್ತು ಸಬ್‌ಗಳ ನಡುವಿನ ವ್ಯತ್ಯಾಸ 30ನೇ ಬಿಟ್ ಒಂದರಲ್ಲಿದೆ. ಆ ಬಿಟ್ ಅನ್ನು ನೇರವಾಗಿ ಎಎಲ್‌ಯುವಿನ ಆಯ್ಕೆಗೆ ಜೋಡಿಸುವ ಆಸೆಗೆ ಬೀಳಬೇಡಿ. ಆ್ಯಡ್-ಐನಲ್ಲಿ 30ನೇ ಬಿಟ್ ಇಮ್ಮಿಡಿಯೇಟ್‌ನ ಒಂದು ಭಾಗ, ಮತ್ತು ಸಣ್ಣ ಋಣ ಸಂಖ್ಯೆಗಳಲ್ಲಿ ಅದು 1 ಆಗಿರುತ್ತದೆ. ಆಗ ಎಕ್ಸ್0ಕ್ಕೆ −3 ಕೂಡಿಸಬೇಕಾದ ಎಎಲ್‌ಯು −3 ಅನ್ನು ಕಳೆದು 3 ಎಂದು ಉತ್ತರಿಸುತ್ತದೆ. ಧನ ಸಂಖ್ಯೆಗಳಿಂದಷ್ಟೇ ಪರೀಕ್ಷಿಸಿದವರಿಗೆ ಈ ತಪ್ಪು ಬಹಳ ಕಾಲ ಕಾಣುವುದೇ ಇಲ್ಲ. 30ನೇ ಬಿಟ್‌ಗೆ ಬೆಲೆ ಕೊಡಬೇಕಾದದ್ದು ಒಪ್‌ಕೋಡ್ 0110011 ಆಗಿದ್ದಾಗ ಮಾತ್ರ.

ಡೇಟಾ ಮೆಮೊರಿಯಾಗಿ ರಾಮ್ ಇಡುವಾಗ ಓದುವ ಮತ್ತು ಬರೆಯುವ ಪೋರ್ಟ್‌ಗಳು ಬೇರೆ ಬೇರೆ ಇರುವ ಬಗೆಯನ್ನು ಆರಿಸಿ, ಓದುವುದು ಕ್ಲಾಕಿಗೆ ಕಾಯದಂತಿರಲಿ. ಕ್ಲಾಕಿಗೆ ಕಾಯುವ ಮೆಮೊರಿಯಾದರೆ ಬೇಕಾದ ಮೌಲ್ಯ ಅದೇ ಸೈಕಲ್‌ನಲ್ಲಿ ರಿಜಿಸ್ಟರಿಗೆ ತಲುಪುವುದಿಲ್ಲ. ವಿಳಾಸದ ಕೆಳಗಿನ ಎರಡು ಬಿಟ್ ಬಿಡುವ ನಿಯಮ ಇಲ್ಲಿಗೂ ಅನ್ವಯಿಸುತ್ತದೆ.

ವೈರಿನ ಬಣ್ಣ ಹೇಳುವುದೇನು

ಲಾಜಿಸಿಮ್‌ನ ಸಾಮಾನ್ಯ ಬಣ್ಣಗಳಲ್ಲಿ ಕಡು ಹಸಿರು 0, ತಿಳಿ ಹಸಿರು 1, ಕಪ್ಪು ಹಲವು ಬಿಟ್‌ಗಳ ವೈರ್. ನೀಲಿ ವೈರಿಗೆ ಎಲ್ಲಿಂದಲೂ ಮೌಲ್ಯ ಬರುತ್ತಿಲ್ಲ. ಹೆಚ್ಚಾಗಿ ಟನಲ್‌ನ ಹೆಸರಿನಲ್ಲಿ ಕಾಗುಣಿತ ವ್ಯತ್ಯಾಸವಾಗಿರುತ್ತದೆ. ಕಿತ್ತಳೆ ಬಣ್ಣ ಎರಡು ತುದಿಗಳ ಅಗಲ ಹೊಂದುತ್ತಿಲ್ಲ ಎನ್ನುತ್ತದೆ. ಕೆಂಪು ಎಂದರೆ ಎರಡು ಔಟ್‌ಪುಟ್‌ಗಳು ಒಂದೇ ವೈರಿನಲ್ಲಿ ಜಗಳವಾಡುತ್ತಿವೆ, ಅಥವಾ ಹಿಂದಿನ ಘಟಕವೊಂದಕ್ಕೆ ಅರೆಬರೆ ಇನ್‌ಪುಟ್ ಸಿಕ್ಕಿದೆ. ಕೆಂಪು ವೈರ್ ಕಂಡಲ್ಲಿ ರಿಪೇರಿ ಆರಂಭಿಸದೆ, ಅದು ಎಲ್ಲಿಂದ ಕೆಂಪಾಗಿ ಹೊರಟಿದೆ ಎಂಬಲ್ಲಿಯವರೆಗೆ ಹಿಂದಕ್ಕೆ ಹೋಗಿ. ಆಸಿಲೇಷನ್ ಎಂಬ ಎಚ್ಚರಿಕೆ ಬಂದರೆ ನಡುವೆ ರಿಜಿಸ್ಟರ್ ಇಲ್ಲದೆ ಯಾವುದೋ ಔಟ್‌ಪುಟ್ ತನ್ನ ಇನ್‌ಪುಟ್‌ಗೇ ಸುತ್ತಿ ಬಂದಿದೆ.

ಬಣ್ಣಗಳೆಲ್ಲ ಸರಿಯಾಗದೆ ಪ್ರೋಗ್ರಾಂ ನಡೆಸುವುದು ವ್ಯರ್ಥ.

ದೋಷ ಹುಡುಕುವ ಕ್ರಮ

ಪಿಸಿ, ಇನ್‌ಸ್ಟ್ರಕ್ಷನ್, ಎಎಲ್‌ಯುವಿನ ಎರಡು ಇನ್‌ಪುಟ್, ಅದರ ಉತ್ತರ, ಬರೆಯುವ ಅನುಮತಿ, ಬರೆಯುವ ಮೌಲ್ಯ, ಇವುಗಳಿಗೆ ಪ್ರೋಬ್ ಹಾಕಿ ಒಂದೇ ಕಡೆ ಸಾಲಾಗಿ ಕಾಣುವಂತೆ ಟನಲ್‌ಗಳಿಂದ ತಂದಿಡಿ. ಎಲ್ಲವನ್ನೂ ಮೊದಲ ಸ್ಥಿತಿಗೆ ತಂದು, ಒಂದು ಸೈಕಲ್ ನಡೆಸಿ, ಕಾಗದದ ಸಾಲಿನೊಂದಿಗೆ ಹೋಲಿಸಿ. ಹೊಂದಿದರೆ ಮುಂದಿನ ಸೈಕಲ್. ಹೊಂದದ ಮೊದಲ ಸೈಕಲ್ ಸಿಕ್ಕಿದ ಕೂಡಲೇ ನಿಲ್ಲಿ. ಅದರಾಚೆಗಿನ ತಪ್ಪುಗಳೆಲ್ಲ ಇದರ ಪರಿಣಾಮ ಆಗಿರಬಹುದು, ಅವುಗಳ ಬಗ್ಗೆ ಈಗ ಯೋಚಿಸುವ ಅಗತ್ಯವಿಲ್ಲ. ಆ ಸೈಕಲ್‌ನೊಳಗೆ ತಪ್ಪು ಮೌಲ್ಯವಿರುವ ವೈರನ್ನು ಹಿಡಿದು ಹಿಂದಕ್ಕೆ ನಡೆಯಿರಿ. ಒಂದು ಘಟಕದ ಇನ್‌ಪುಟ್‌ಗಳೆಲ್ಲ ಸರಿಯಿದ್ದು ಔಟ್‌ಪುಟ್ ತಪ್ಪಿದ್ದರೆ ದೋಷ ಅಲ್ಲೇ ಇದೆ; ಇನ್‌ಪುಟ್ಟೇ ತಪ್ಪಿದ್ದರೆ ಇನ್ನೂ ಹಿಂದಕ್ಕೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಪಿಸಿ ಮೊದಲ ಸಲ 32ಕ್ಕೆ ಬಂದಾಗ ಎಕ್ಸ್10ರಲ್ಲಿ 1 ಇದೆ, ಎಕ್ಸ್1, ಎಕ್ಸ್2, ಎಕ್ಸ್4, ಎಕ್ಸ್6 ಎಲ್ಲವೂ −12. ಮೇಲ್ನೋಟಕ್ಕೆ ಬಿಇಕ್ಯು ಜಿಗಿಯಲಿಲ್ಲ, ಆದ್ದರಿಂದ ಹೋಲಿಸುವ ಭಾಗ ಕೆಟ್ಟಿದೆ ಎನಿಸುತ್ತದೆ. ಸೈಕಲ್‌ಗಳನ್ನು ಒಂದೊಂದಾಗಿ ನೋಡಿದರೆ ಮೊದಲ ನಾಲ್ಕು ಕಾಗದಕ್ಕೆ ಸರಿಹೊಂದುತ್ತವೆ. ಪಿಸಿ 16ರ ಎಸ್‌ಡಬ್ಲ್ಯು ಮುಗಿದ ಅಂಚಿನಲ್ಲಿ ರಿಜಿಸ್ಟರ್‌ಗಳೆಲ್ಲ ಒಮ್ಮೆಗೇ ಸೊನ್ನೆಯಾಗುತ್ತವೆ. ಆ ಸೈಕಲ್‌ನಲ್ಲಿ ಎಎಲ್‌ಯುವಿನ ಉತ್ತರ ಮೆಮೊರಿ ವಿಳಾಸವಾದ 0. ಅದೇ 0 ಎಲ್ಲ ರಿಜಿಸ್ಟರ್‌ಗಳಿಗೂ ಹೋಗಿದೆ. ಬರೆಯುವ ಅನುಮತಿ 0 ಇದೆ, ಸರಿಯಾಗಿದೆ. ಡಿಕೋಡರಿನ ಔಟ್‌ಪುಟ್‌ಗಳು ನೀಲಿಯಾಗಿವೆ. ಮೊದಲೇ ಹೇಳಿದ ತೇಲುವ ಡಿಕೋಡರ್ ಇಲ್ಲಿ ಸಿಕ್ಕಿಬಿದ್ದಿತು. ಕೊನೆಗೆ ಕಂಡ −12 ಕೂಡ ಬಿಇಕ್ಯುವಿನ ಸೈಕಲ್‌ನಲ್ಲಿ 0ರಿಂದ 12 ಕಳೆದ ಉತ್ತರ ಇದೇ ರೀತಿ ಎಲ್ಲ ಕಡೆ ಬರೆಸಿಕೊಂಡದ್ದು. ಬಿಇಕ್ಯುವನ್ನು ಎಷ್ಟು ಬಿಚ್ಚಿ ಕಟ್ಟಿದ್ದರೂ ಇದು ಸಿಗುತ್ತಿರಲಿಲ್ಲ.

ಇನ್ನೊಂದು ಲಕ್ಷಣ ಇದಕ್ಕಿಂತ ಸೂಕ್ಷ್ಮ. ಎಲ್ಲವೂ ಸರಿ, ಜಿಗಿತವೂ ಸರಿ, ಆದರೆ ಕೊನೆಯಲ್ಲಿ ಎಕ್ಸ್8ರಲ್ಲಿ 12ರ ಬದಲು 0. ಬಿಇಕ್ಯುವಿನ ಸೈಕಲ್‌ನಲ್ಲೂ ಬರೆಯುವ ಅನುಮತಿ 1 ಆಗಿಯೇ ಉಳಿದಿದ್ದರೆ ಹೀಗಾಗುತ್ತದೆ. 00820463ರ 7ರಿಂದ 11ನೇ ಬಿಟ್‌ಗಳು 01000, ಅಂದರೆ 8. ಅವು ಇಮ್ಮಿಡಿಯೇಟ್‌ನ ಭಾಗವಾದರೂ ರಿಜಿಸ್ಟರ್ ಫೈಲ್ ಅದನ್ನು ಗುರಿಯೆಂದು ಓದಿ, ಕಳೆದ ಉತ್ತರವಾದ ಸೊನ್ನೆಯನ್ನು ಎಕ್ಸ್8ಕ್ಕೆ ಬರೆಯುತ್ತದೆ.

ಸಬ್ ಉತ್ತರ 12 ಬಂದರೆ 30ನೇ ಬಿಟ್ ಎಎಲ್‌ಯುವರೆಗೆ ತಲುಪಿಲ್ಲ; 2 ಬಂದರೆ ಎರಡು ಮೂಲಗಳು ಅದಲುಬದಲಾಗಿವೆ. ಆ್ಯಡ್ ಮಾತ್ರ ಪರೀಕ್ಷಿಸಿದ್ದರೆ ಈ ಎರಡೂ ಕಾಣುತ್ತಿರಲಿಲ್ಲ.

ಸರಿ ಉತ್ತರದ ಮರೆಯಲ್ಲಿ ಉಳಿಯುವ ತಪ್ಪುಗಳು

ಎಕ್ಸ್10 ಸೊನ್ನೆ ಎಂದು ಸಮಾಧಾನಪಡುವ ಮುನ್ನ ಪಿಸಿಯನ್ನೂ ನೋಡಿ. ಜಿಗಿತದ ವಿಳಾಸವನ್ನು ಪಿಸಿ + 4ರಿಂದ ಲೆಕ್ಕ ಹಾಕಿದ್ದರೆ ಪ್ರೊಸೆಸರ್ 32ರ ಬದಲು 36ಕ್ಕೆ ಹೋಗಿ ಖಾಲಿ ರೋಮ್‌ನಲ್ಲಿ ಅಲೆಯುತ್ತಿರುತ್ತದೆ. ಎಕ್ಸ್10 ಆಗಲೂ ಸೊನ್ನೆಯೇ.

ಮುಂದಕ್ಕೆ ಜಿಗಿಯುವ ಪರೀಕ್ಷೆ ಮರೆಮಾಚುವ ಮತ್ತೊಂದು ತಪ್ಪಿದೆ. ಬಿಇಕ್ಯುವಿಗೆ ಎಸ್‌ಡಬ್ಲ್ಯುವಿನ ಇಮ್ಮಿಡಿಯೇಟನ್ನೇ ಕೊಟ್ಟರೂ 00820463ರಿಂದ 8 ಎಂಬ ಸರಿಯಾದ ಸಂಖ್ಯೆಯೇ ಬರುತ್ತದೆ, ಏಕೆಂದರೆ ಅಲ್ಲಿ 7ನೇ ಬಿಟ್ ಸೊನ್ನೆ. ಹಿಂದಕ್ಕೆ ಜಿಗಿಯುವಾಗ ಬಣ್ಣ ಬಯಲಾಗುತ್ತದೆ. ಎಕ್ಸ್1ಕ್ಕೆ ಒಂದೊಂದೇ ಕೂಡಿಸುವ ಆ್ಯಡ್-ಐ, ಅದರ ಕೆಳಗೆ 4 ಬೈಟ್ ಹಿಂದಕ್ಕೆ ಸದಾ ಜಿಗಿಯುವ ಬಿಇಕ್ಯು, ಹೀಗೆ ಎರಡೇ ಸಾಲಿನ ಲೂಪ್ ಬರೆದರೆ −4ರ ಬದಲು −3 ಬರುತ್ತದೆ. ರೋಮ್ ಕೆಳಗಿನ ಎರಡು ಬಿಟ್‌ಗಳನ್ನು ನೋಡುವುದಿಲ್ಲವಾದ್ದರಿಂದ ಮೊದಲ ಮೂರು ಜಿಗಿತ ಸರಿಯಾದ ಇನ್‌ಸ್ಟ್ರಕ್ಷನ್‌ಗೇ ಮುಟ್ಟುತ್ತವೆ. ಪ್ರತಿ ಸಲ ಒಂದು ಬೈಟ್ ಜಾರುತ್ತ ನಾಲ್ಕನೆಯ ಜಿಗಿತದಲ್ಲಿ ಆ್ಯಡ್-ಐ ತಪ್ಪಿಹೋಗಿ ಎಣಿಕೆ ಒಂದು ಸಲ ನಿಂತು ಮುಂದುವರಿಯುತ್ತದೆ. ಕೊನೆಯ ಮೌಲ್ಯವನ್ನಷ್ಟೇ ನೋಡುವವರಿಗೆ ಇದರ ಸುಳಿವು ಸಿಗುವುದು ಕಷ್ಟ. ಇದಕ್ಕೊಂದು ಖಾಯಂ ಕಾವಲುಗಾರನನ್ನು ಇಡಬಹುದು: ಪಿಸಿಯ ಕೆಳಗಿನ ಎರಡು ಬಿಟ್‌ಗಳನ್ನು ಆರ್ ಗೇಟಿಗೆ ಕೊಟ್ಟು ಅದರ ಔಟ್‌ಪುಟ್‌ಗೆ ಒಂದು ಎಲ್‌ಇಡಿ ಜೋಡಿಸಿ. ಈ ಪ್ರೊಸೆಸರಿನಲ್ಲಿ ಆ ದೀಪ ಎಂದೂ ಹೊತ್ತಬಾರದು.

ತಪ್ಪು ಸಿಕ್ಕಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸುವ ಮುನ್ನ ಫೈಲಿನ ಪ್ರತಿ ಉಳಿಸಿಕೊಳ್ಳಿ. ಬದಲಾವಣೆ ಫಲಿಸಿದರೆ ಅದು ಯಾಕೆ ಫಲಿಸಿತೆಂದು ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವಾಗಬೇಕು. ಆಗದಿದ್ದರೆ ತಪ್ಪು ಬೇರೆ ಕಡೆಗೆ ಸರಿದಿರುವ ಸಂಭವವೇ ಹೆಚ್ಚು. ಋಣ ಇಮ್ಮಿಡಿಯೇಟ್, ಹಿಂದಕ್ಕೆ ಜಿಗಿತ, ಸಮವಿಲ್ಲದಾಗ ಜಿಗಿಯದಿರುವುದು, ಎಕ್ಸ್0ಕ್ಕೆ ಬರೆಯಲು ಯತ್ನಿಸುವುದು, ಮೆಮೊರಿಯ ಎರಡು ಬೇರೆ ಬೇರೆ ವಿಳಾಸಗಳಿಗೆ ಬರೆದು ಓದುವುದು, ಈ ಒಂದೊಂದಕ್ಕೂ ನಾಲ್ಕೈದು ಸಾಲಿನ ಚಿಕ್ಕ ಪ್ರೋಗ್ರಾಂ ಬರೆದು ಪ್ರತ್ಯೇಕ ಫೈಲ್‌ಗಳಲ್ಲಿ ಇಟ್ಟುಕೊಳ್ಳಿ. ಮುಂದೆ ಹೊಸದೊಂದು ಇನ್‌ಸ್ಟ್ರಕ್ಷನ್ ಸೇರಿಸಿದಾಗ ಅದರ ಪರೀಕ್ಷೆಯೊಂದಿಗೆ ಹಳೆಯ ಫೈಲ್‌ಗಳೆಲ್ಲವನ್ನೂ ಮೊದಲಿನಿಂದ ಮತ್ತೆ ನಡೆಸಬೇಕು.